ಕೊಂಬೆ ನೆಡುವವರ ಹೆಸರು

"ಬ್ರಾಬರ್ ಅಂದ್ರೆ ಏನು ಅಂತ ಕೇಳ್ತೀರಲ್ಲ, ಕೂತ್ಕೊಳ್ಳಿ, ಹೇಳ್ತೀನಿ. ಇಡೀ ಇಂಗ್ಲೆಂಡ್ ಜರಡಿ ಹಿಡಿದ್ರೂ ಈ ಹೆಸರಿನೋರು ಬೇರೆ ಕಡೆ ಸಿಗಲ್ಲ. ನಮ್ಮೂರಲ್ಲೇ ಇರೋದು. ಅದೂ ಒಲೆ ಮುಂದೆ ಕಮ್ಮಿ, ಚರ್ಚಿನ ಹಿತ್ತಲಲ್ಲಿ ಕಲ್ಲಿನ ಕೆಳಗೆ ಜಾಸ್ತಿ. ಮರಳ ಮೇಲೆ ದಾರಿ ತೋರ್ಸಕ್ಕೆ ನೆಡೋ ಲಾರೆಲ್ ಕೊಂಬೆಗೆ ನಮ್ಮ ಕಡೆ ಬ್ರಾಬ್ ಅಂತಾರೆ. ನೆಡೋನು ಬ್ರಾಬರ್. ನಮ್ಮಪ್ಪ ಹೇಳೋನು, ಹಿಂದೆ ಮಠದ ಸನ್ಯಾಸಿಗಳ ಕಾಲದಲ್ಲಿ ಯಾರೋ ಒಬ್ಬ ದಿಕ್ಕಿಲ್ಲದೋನು ಈ ದಡಕ್ಕೆ ಬಂದ. ಅವನಿಗೆ ಹೆಸರು ಇರಲಿಲ್ವೋ, ಇದ್ದಿದ್ದನ್ನ ಯಾರೂ ಕೇಳಲಿಲ್ವೋ. ನೀರು ಇಳಿದಾಗ ಮರಳ ಮೇಲೆ ಕೊಲ್ಲಿ ದಾಟೋರಿಗೆ ದಾರಿ ಮಾಡಿಕೊಡು ಅಂತ ಸನ್ಯಾಸಿಗಳು ಅವನಿಗೆ ಒಂದು ಗುಡಿಸಲು, ಸುತ್ತ ಒಂದು ತುಂಡು ನೆಲ ಕೊಟ್ರು. ಮಾಡ್ತಿದ್ದ ಕೆಲಸಾನೇ ಹೆಸರಾಯ್ತು. ಮಗನಿಗೆ ಹೆಸರೂ ಬಂತು, ಕೆಲಸಾನೂ ಬಂತು. ಇದು ನಮ್ಮನೆ ಕತೆ. ಇದೇ ಊರಿನ ಫೆಲ್ ಮನೆಯೋರ ಕತೆ ಬೇರೆ. ಆ ಮೊದಲನೇ ಬ್ರಾಬರ್, ಉಣ್ಣೆ ವ್ಯಾಪಾರಿಯೊಬ್ಬ ಬರ್ತಾನೆ ಅಂತ ತಿಳಿದು, ಕೊಂಬೆ ಕಿತ್ತು, ಕಾಲಿಟ್ರೆ ಒಳಗೆಳೆಯೋ ಹುದುಲಿನ ಕಡೆ ನೆಟ್ಟನಂತೆ. ವ್ಯಾಪಾರಿ ಕುದುರೆ ಸಮೇತ ಒಳಗೆ ಹೋದ ಮೇಲೆ ಹಣದ ಚೀಲ ಎತ್ಕೊಂಡನಂತೆ. ಅವರ ಮನೆ ಮುದುಕ ಒಬ್ಬ ದಡದಲ್ಲಿ ನಿಂತು ಕಣ್ಣಾರೆ ನೋಡಿದನಂತೆ, ಬ್ರಾಬರ್ ಕೊಂಬೆ ಕೀಳೋದನ್ನ. ಚಿಕ್ಕೋಳಿದ್ದಾಗ ನಾನು ಹೊದ್ದುಕೊಂಡು ಮಲಗಿ ಅದನ್ನೇ ಯೋಚ್ನೆ ಮಾಡ್ತಿದ್ದೆ. ನನ್ನ ಮೈಯಲ್ಲಿ ಹರಿಯೋದು ಯಾರ ರಕ್ತ? ದಾರಿ ಮಾಡಿದೋನದೋ, ಮುಳುಗಿಸಿದೋನದೋ? ನೀರಿಗೆ ಹೆದರದೋರು ಈ ಊರಲ್ಲಿ ಯಾರೂ ಇಲ್ಲ. ನಾನು ಮಾತ್ರ ನೀರಿಗಿಂತ ನನ್ನ ಹೆಸರಿಗೇ ಹೆಚ್ಚು ಹೆದರಿದೋಳು."

ಹೀಗೆ ಹೇಳುತ್ತಿದ್ದವಳು ಲೆಟಿ ಬ್ರಾಬರ್. ಮೋರ್ಕಂಬ್ ಕೊಲ್ಲಿಯ ಉತ್ತರದ ದಡದಲ್ಲಿ, ರೇವನ್‌ವಾತ್ ಅನ್ನುವ ನಮ್ಮ ಮೀನುಗಾರರ ಕೇರಿಯ ಕೊನೆಯ ಮನೆ ಅವಳದು. ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಮರಳೇ. ಇಳಿತದ ಹೊತ್ತಿಗೆ ಸಮುದ್ರ ಕಣ್ಣಿಗೇ ಕಾಣದಷ್ಟು ದೂರ ಹೋಗಿಬಿಡುತ್ತದೆ, ಆಚೆ ದಡದ ಪೇಟೆಗೆ ಗಾಡಿ ಹೊಡೆದುಕೊಂಡು ಹೋಗಬಹುದು. ನಡುವೆ ಕೆಂಟ್ ಹೊಳೆ ಅಡ್ಡ ಹರಿಯುತ್ತದೆ, ಅದನ್ನು ಆಳವಿಲ್ಲದ ಕಡೆ ದಾಟಬೇಕು. ಆದರೆ ಆ ಹೊಳೆಗೆ ಒಂದು ಕಡೆ ನಿಂತು ಅಭ್ಯಾಸವಿಲ್ಲ. ಒಂದು ಬಿರುಗಾಳಿ ಬೀಸಿದರೆ ಪಾತ್ರವನ್ನೇ ಬದಲಿಸುತ್ತದೆ. ನಿನ್ನೆ ಗಾಡಿ ಹೋದ ಗಟ್ಟಿ ನೆಲ ಇವತ್ತು ಕಾಲಿಟ್ಟರೆ ಒಳಗೆಳೆಯುವ ಹುದುಲು. ಅದಕ್ಕೇ ಕೊಂಬೆ ನೆಡುವವರು ಬೇಕು.

ಲೆಟಿಯ ಅಪ್ಪ ಎದೆಯ ಕಾಯಿಲೆಯಲ್ಲಿ ಹೋದ ಮೇಲೆ ಅಣ್ಣ ಜೋಬ್ ಆ ಕೆಲಸ ಹಿಡಿದ. ಜೋಬ್ ಮೊದಲನೇ ಮಹಾಯುದ್ಧಕ್ಕೆ ಹೋಗಿ ಮೈಮೇಲೆ ಒಂದು ಗೀರೂ ಇಲ್ಲದೆ ವಾಪಸು ಬಂದವನು. ಮನೆ ಮುಂದಿನ ಮರಳು ಅವನನ್ನು ಬಿಡಲಿಲ್ಲ. ಒಂದು ವಸಂತದಲ್ಲಿ ಸಿಗಡಿ ಬಲೆ ನೋಡಲು ಹೋದವನು ಬರಲಿಲ್ಲ. ಟೋಪಿ ಸಿಕ್ಕಿತು, ಅವನು ಸಿಗಲಿಲ್ಲ.

ಹಾಗೆ ಸಿಗದೇ ಹೋದವರಿಗೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಟೋಪಿ ಸಿಕ್ಕ ಜಾಗದಲ್ಲಿ ಒಂದು ಲಾರೆಲ್ ಕೊಂಬೆ ನೆಡುವುದು. ದಾರಿಯ ಕೊಂಬೆಯನ್ನು ತುದಿ ಊರಿನ ಕಡೆ ವಾಲುವ ಹಾಗೆ ನೆಡುತ್ತಾರೆ. ದಟ್ಟ ಮಂಜಿನ ಕಾವಳದಲ್ಲಿ ಬಂದವನಿಗೂ ಮನೆ ಯಾವ ಕಡೆ ಎಂದು ಅದು ಹೇಳಬೇಕಲ್ಲ. ಸತ್ತವರ ಕೊಂಬೆ ಮಾತ್ರ ನೆಟ್ಟಗೆ ನಿಲ್ಲುತ್ತದೆ. ಅದು ಯಾವ ಕಡೆಗೂ ದಾರಿ ಹೇಳುವುದಿಲ್ಲ. ಅದನ್ನು ಮನೆಯವರು ಕೀಳಬಾರದು. ಸಮುದ್ರವೇ ಎಂದಾದರೂ ತೆಗೆದುಕೊಂಡು ಹೋಗಬೇಕು. ಅಲ್ಲಿಯವರೆಗೆ ಸತ್ತವನು ಪೂರ್ತಿ ಸತ್ತಿರುವುದಿಲ್ಲ. ಜೋಬ್‌ನ ಹಿಡಿಯಿರುವ ದೊಡ್ಡ ಲೋಟ ಅಡುಗೆಮನೆಯ ಕೊಕ್ಕೆಯಲ್ಲಿ ಹಾಗೇ ತೂಗುತ್ತಿತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ಅವನ ಅವ್ವ ಮಾತ್ರ ಧೂಳು ಒರೆಸುತ್ತಿದ್ದಳು.

ಜೋಬ್ ಹೋದ ಮೇಲೆ ಆ ಕೆಲಸ ಲೆಟಿಯ ಹೆಗಲಿಗೆ ಬಂತು. ಮದುವೆಯಾಗದ ಹೆಣ್ಣು, ಮೂವತ್ತು ದಾಟಿತ್ತು. ಪ್ರತಿ ಸಲ ಮರಳಿಗೆ ಇಳಿಯುವಾಗಲೂ ಹೆದರುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಬೆನ್ನ ಮೇಲೆ ಕೊಂಬೆಯ ಹೊರೆ ಹೊತ್ತು ಹೋಗುವಳು, ಹೊಸದು ನೆಡುವಳು, ಹಳೆಯದನ್ನು ತಪ್ಪದೆ ಕೀಳುವಳು. ಅಪ್ಪ ಹೇಳಿಕೊಟ್ಟದ್ದೇ ಅದು. "ನೆಡೋದು ಮರೆತ್ರೆ ಜನ ಮನೇಲಿರ್ತಾರೆ. ಕೀಳೋದು ಮರೆತ್ರೆ ಸಾಯ್ತಾರೆ."

ಫೆಲ್ ಮನೆಯ ಡೈನಾ ಅವಳ ವಾರಿಗೆಯವಳೇ. ಶಾಲೆಯಲ್ಲಿ ಲೆಟಿಯ ಜಡೆ ಹಿಡಿದೆಳೆದು "ಕೊಂಬೆ ಕೀಳೋಳು ಬಂದ್ಲು, ಚೀಲ ಮುಚ್ಕೊಳ್ಳಿ" ಅನ್ನುತ್ತಿದ್ದವಳು. ದೊಡ್ಡವಳಾಗಿ ಗಂಡನನ್ನು ಕಳೆದುಕೊಂಡು, ಒಂದು ಕುದುರೆಗಾಡಿ ಇಟ್ಟುಕೊಂಡು ಆಚೆ ದಡದ ಪೇಟೆಗೆ ಸಿಗಡಿ, ಕಪ್ಪೆಚಿಪ್ಪು ಮಾರಲು ಹೋಗುತ್ತಿದ್ದಳು. ಬಾಯಿ ಮಾತ್ರ ಬದಲಾಗಿರಲಿಲ್ಲ. ಹೋಗುವಾಗ ಲೆಟಿಯ ಬಾಗಿಲ ಮುಂದೆ ಗಾಡಿ ನಿಲ್ಲಿಸಿಯೇ ಹೋಗಬೇಕು.

"ಏನೇ ಲೆಟಿ, ದಾರಿ ಸರಿಯಾಗಿದ್ಯೋ? ಇಲ್ಲಾ ನಿಮ್ಮ ಆ ಹಳೇ ಅಜ್ಜನ ಚೀಲ ಖಾಲಿಯಾಗಿದ್ಯೋ?"

"ನಿನ್ನ ಚೀಲದಲ್ಲಿ ಮೀನಿನ ಪೊರೆ ಬಿಟ್ರೆ ಏನಿದೆ? ಹೋಗೇ."

ಜೋಬ್ ಹೋದ ವರ್ಷದ ನವೆಂಬರಿನಲ್ಲಿಯೂ ಡೈನಾ ಹಾಗೇ ನಕ್ಕುಕೊಂಡು ಹೋದಳು. ಪೇಟೆಯಲ್ಲಿ ತಂಗಿಯ ಮನೆಯಲ್ಲಿ ಉಳಿದು ಭಾನುವಾರಕ್ಕೆ ಮೊದಲಿನ ಇಳಿತದಲ್ಲಿ ಬರುತ್ತೇನೆ ಅಂದಿದ್ದಳು. ಅವಳು ಅಲ್ಲಿದ್ದಾಗಲೇ ಬಿರುಗಾಳಿ ಬಂತು. ಹೆಂಚು ಹಾರಿದವು, ಹೊಳೆ ಪಾತ್ರ ಬಿಟ್ಟು ಪೂರ್ವಕ್ಕೆ ಸರಿಯಿತು. ಗಾಳಿ ನಿಂತ ಮರುದಿನ ಲೆಟಿ ಹೋಗಿ ದಾರಿಯನ್ನು ದೊಡ್ಡದಾಗಿ ಸುತ್ತಿಸಿ ಹೊಸದಾಗಿ ನೆಟ್ಟಳು. ಹಳೆಯದನ್ನೆಲ್ಲ ಕಿತ್ತಳು. ಎಲ್ಲ ಮುಗಿದು ಹೊರೆಯ ಹಗ್ಗ ಸುತ್ತಿಕೊಳ್ಳುವಾಗ ತಲೆಯೆತ್ತಿ ನೋಡಿದಳು.

ಪೇಟೆಯಿಂದ ಬರುವಾಗ ಹೊಸ ದಾರಿ ತಿರುಗುವ ಕಡೆಯಿಂದ ನೇರ ಮುಂದಕ್ಕೆ, ಹುದುಲಿನ ಅಂಚಿನಲ್ಲಿ, ಜೋಬ್‌ನ ಕೊಂಬೆ ಕಾಣುತ್ತಿತ್ತು. ಬಿರುಗಾಳಿ ಅದನ್ನು ಒಯ್ದಿರಲಿಲ್ಲ. ವಾಲಿಸಿತ್ತು. ಊರಿನ ಕಡೆಗೆ.

ಹತ್ತಿರ ಹೋಗಲು ಅವಳ ಕಾಲು ಬರಲಿಲ್ಲ. ಮನೆಗೆ ಬಂದು ಅವ್ವನ ಮುಂದೆ ನಿಂತಳು.

"ಅವ್ವಾ, ಜೋಬ್‌ದು ವಾಲಿದೆ. ತೆಗೀಬೇಕು."

ಅವ್ವ ಓಟ್ಸ್ ಗಂಜಿ ತಿರುವುತ್ತಿದ್ದಳು. ಸೌಟು ನಿಲ್ಲಲಿಲ್ಲ. "ತೆಗೆದ್ರೆ ನಿನ್ನ ಕೈಯಾರೆ ಅಣ್ಣನ್ನ ಮುಳುಗಿಸ್ದಂಗೆ."

"ಹಾಗಾದ್ರೆ ನೆಟ್ಟಗೆ ಮಾಡಿ ಬರ್ತೀನಿ."

"ಸತ್ತೋರ ಕೊಂಬೆ ಮನೆಯೋರು ಮುಟ್ಟಬಾರದು. ನಿಮ್ಮಪ್ಪ ಹೇಳ್ಲಿಲ್ವ? ಅದು ಅವನದು ಅಂತ ಊರಿಗೆಲ್ಲ ಗೊತ್ತು. ಯಾರು ಅದನ್ನ ನೋಡಿ ಹೋಗ್ತಾರೆ?"

ಊರಿಗೆಲ್ಲ ಗೊತ್ತು, ನಿಜ. ಅದು ದಾರಿಯಿಂದ ದೂರ ನೆಟ್ಟಗೆ ನಿಂತಿದ್ದಾಗಿನ ಮಾತು ಅದು, ಈಗ ಹೊಸ ದಾರಿ ಅದು ಕಾಣುವಷ್ಟು ಹತ್ತಿರ ಬಂದಿತ್ತು. ಆದರೂ ಲೆಟಿ ವಾದ ಬಿಟ್ಟಳು. ಅವ್ವ ಸರಿ ಹೇಳಿದಳು ಅಂತಲ್ಲ, ಅಲ್ಲಿಗೆ ಹೋಗುವುದು ತಪ್ಪಿತಲ್ಲ ಅಂತ ಅವಳಿಗೆ ಒಳಗೊಳಗೇ ಜೀವ ತಣ್ಣಗಾಯಿತು.

ಶನಿವಾರ ಮಧ್ಯಾಹ್ನ ಲೆಟಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಒಂದು ಅಂಗಿ ಹಿಂಡಿ ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಹಗ್ಗದ ಆಚೆಯ ಗೋಡೆ ಇರಲಿಲ್ಲ. ಕಾವಳ ಬಂದುಬಿಟ್ಟಿತ್ತು. ನಮ್ಮ ಕೊಲ್ಲಿಯ ಕಾವಳ ಹಾಗೇ, ಬರುವ ಸದ್ದೇ ಇಲ್ಲ, ಬಂದಮೇಲೆ ನಮ್ಮ ಕೈಯೇ ನಮಗೆ ಪರರದು. ಲೆಟಿಗೆ ಮೊದಲು ನೆನಪಾದದ್ದು ಡೈನಾ. ಇವತ್ತಿನ ಇಳಿತದಲ್ಲಿ ಬರುತ್ತೇನೆ ಅಂದವಳು. ಹೊಳೆ ದಾಟಿ ಈ ಕಡೆ ಬಂದಿರುವ ಹೊತ್ತು. ದಾರಿ ಸರಿದದ್ದು ಅವಳಿಗೆ ಗೊತ್ತಿಲ್ಲ. ತಿರುವಿನಲ್ಲಿ ಬಂದು ನಿಂತು ಮುಂದಿನ ಕೊಂಬೆ ಹುಡುಕುತ್ತಾಳೆ. ಊರಿನ ಕಡೆ ವಾಲಿದ ಕೊಂಬೆಯೊಂದು ಮಸುಕಾಗಿ ಕಂಡರೆ...

ಅವಳ ಬೆರಳುಗಳಿಂದ ಒದ್ದೆ ಬಟ್ಟೆ ಜಾರಿತು. ಬೇರೆ ಊರಿನವನಾದರೆ ಕೊಂಬೆ ಹೇಗಿದ್ದರೇನು, ಹೆದರಿ ನಿಂತಲ್ಲೇ ನಿಲ್ಲುತ್ತಾನೆ. ವಾಲಿದ ಕೊಂಬೆಯನ್ನು ನಂಬುವವರು ನಮ್ಮವರೇ.

ಅವಳು ಜೋಬ್‌ನ ನೆಲ ಚುಚ್ಚಿ ನೋಡುವ ಕೋಲು ಎತ್ತಿಕೊಂಡಳು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಡೈನಾ ಬರ್ತಿದ್ದಾಳೆ."

"ಬರ್ಲಿ. ಅವಳ ಕುದುರೆಗೆ ದಾರಿ ಗೊತ್ತು. ಆ ಮನೆಯೋರಿಗೋಸ್ಕರ ನೀನ್ಯಾಕೆ ಸಾಯ್ತೀಯ? ಒಬ್ಬನ್ನ ಕೊಟ್ಟಾಗಿದೆ ಕಣೇ. ನನ್ನ ಹತ್ರ ಇನ್ನು ಕೊಡಕ್ಕೆ ಯಾರಿದ್ದಾರೆ?"

"ಅವ್ವಾ, ಅವಳು ಅಲ್ಲಿ ಹೋದ್ರೆ ಊರು ಏನಂತ ಅನ್ನತ್ತೆ? ಅವರ ಕತೆ ನಿಜ ಆಗತ್ತೆ. ಬ್ರಾಬರ್ ಕೊಂಬೆ ನೋಡ್ಕೊಂಡು ಬಂದು ಮುಳುಗಿದ್ಲು ಅಂತಾರೆ. ನಾನು ಆ ಹೆಸರು ಹೊತ್ಕೊಂಡು ಬದುಕ್ಲಾ?"

ಅವ್ವ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಳು. ಬಾಗಿಲಿನಿಂದ ಸರಿಯಲಿಲ್ಲ. ಲೆಟಿ ಅವಳ ತೋಳಿನ ಕೆಳಗೆ ನುಸುಳಿ ಹೊರಟಳು.

ಬೂಟು ಬಿಚ್ಚಿ ಕೊರಳಿಗೆ ಕಟ್ಟಿಕೊಂಡಳು. ಕಾವಳದಲ್ಲಿ ಕಣ್ಣಿಗಿಂತ ಅಂಗಾಲು ವಾಸಿ. ಮರಳು ಹಿಮದ ಹಾಗೆ ಕೊರೆಯುತ್ತಿತ್ತು. ಮೊದಲ ಕೊಂಬೆ ಸಿಕ್ಕಿತು, ಎರಡನೆಯದು ಸಿಕ್ಕಿತು. ಒಂದನ್ನು ಮುಟ್ಟಿಕೊಂಡು ನಿಂತರೆ ಇನ್ನೊಂದು ಕಾಣುತ್ತಿರಲಿಲ್ಲ, ಕೈಬಿಟ್ಟು ಬಿಳಿಯೊಳಗೆ ನಡೆಯಬೇಕು. ಕೈ ಬಿಡುವ ಪ್ರತಿ ಸಲವೂ ಅವಳಿಗೆ ಅಳು ಬರುತ್ತಿತ್ತು. ಅತ್ತಳು ಕೂಡ. ಯಾರು ನೋಡುತ್ತಾರೆ? ತನ್ನದೇ ಉಸಿರು ಯಾರೋ ಹಿಂದೆ ಬಂದ ಹಾಗೆ ಕೇಳಿಸುತ್ತಿತ್ತು. ದೂರದಲ್ಲಿ ಸಮುದ್ರ ಇನ್ನೂ ಸುಮ್ಮನಿತ್ತು. ಅದು ಸುಮ್ಮನಿರುವುದೇ ಅವಳಿಗೆ ಹೆಚ್ಚು ಭಯ. ಒಮ್ಮೆ ತಿರುಗಿತೆಂದರೆ ಓಡುವ ಕುದುರೆಯನ್ನೂ ಹಿಂದೆ ಹಾಕುವ ನೀರು ಅದು.

ತಿರುವಿಗೆ ಬಂದಾಗ ಮರಳ ಮೇಲೆ ಗಾಡಿಯ ಚಕ್ರದ ಗೀರು ಕಂಡಿತು. ಗೀರು ತಿರುಗಿರಲಿಲ್ಲ. ನೇರ ಹೋಗಿತ್ತು.

"ಡೈನಾ!"

ಕಾವಳ ಕೂಗನ್ನು ನುಂಗಿತು. ಮತ್ತೆ ಕೂಗಿದಳು. ಕುದುರೆ ಮೂಗಿನಲ್ಲಿ ಊದಿದ ಸದ್ದು ಬಂತು, ಅದರ ಹಿಂದೆಯೇ ಬೈಗುಳ.

"ಯಾರದು? ಲೆಟೀನಾ? ಬಾರೇ ತಾಯಿ, ನೋಡೇ ನಿನ್ನ ಕೈಗುಣ!"

ಗೀರು ಹಿಡಿದು, ಕೋಲಿನಿಂದ ಚುಚ್ಚಿ ಚುಚ್ಚಿ ಹೋದಳು. ಗಾಡಿಯ ಒಂದು ಚಕ್ರ ಅಚ್ಚಿನವರೆಗೆ ಇಳಿದಿತ್ತು. ಕುದುರೆ ಗಟ್ಟಿ ನೆಲದ ಮೇಲೇ ಇತ್ತು, ಆದರೆ ಗಾಡಿ ಹಿಂದಕ್ಕೆ ಎಳೆಯುತ್ತಿತ್ತು, ಕುದುರೆ ಕಣ್ಣಿನ ಬಿಳಿ ತೋರಿಸಿ ನಡುಗುತ್ತಿತ್ತು. ಡೈನಾ ಚಕ್ರ ನೂಕಲು ಇಳಿದವಳು ಎರಡೂ ಕಾಲು ಮಂಡಿಯವರೆಗೆ ಹುದುಲಿನಲ್ಲಿ ಹೂತು ನಿಂತಿದ್ದಳು. ಅವಳಿಂದ ಒಂದು ಕೈಯಳತೆಯಲ್ಲಿ ಜೋಬ್‌ನ ಕೊಂಬೆ.

ಡೈನಾ ಅದನ್ನು ನೋಡಿದಳು, ಲೆಟಿಯನ್ನು ನೋಡಿದಳು. ಅವಳ ಮುಖದಲ್ಲಿ ಯಾವಾಗಲೂ ಇರುವ ನಗು ಇರಲಿಲ್ಲ.

"ಕಾವಳ ಚೂರು ಹರಿದಾಗ ಕಾಣ್ತು, ವಾಲಿತ್ತು ಕಣೇ. ದಾರೀದು ಅನ್ಕೊಂಡೆ. ನಿಮ್ಮಜ್ಜ ಮಾಡಿದ್ದನ್ನೇ ಮಾಡಿದ್ಯಲ್ಲೇ! ನಾನು ಏನೋ ತಮಾಷೆಗೆ ಅಂತಿದ್ದೆ. ದೇವರಾಣೆ ತಮಾಷೆಗೆ ಅಂತಿದ್ದೆ."

"ಒದ್ದಾಡ್ಬೇಡ. ಒದ್ದಾಡಿದ್ರೆ ಇನ್ನೂ ಎಳ್ಕೊಳ್ಳತ್ತೆ."

"ಗೊತ್ತು ಕಣೇ ನಂಗೂ! ನಾನೇನು ಪೇಟೆಯೋಳಾ?" ಅನ್ನುತ್ತಲೇ ಡೈನಾ ಅತ್ತುಬಿಟ್ಟಳು.

ಲೆಟಿ ಮೊದಲು ಕುದುರೆಯ ಹತ್ತಿರ ಹೋಗಿ ಪಟ್ಟಿಗಳನ್ನು ಬಿಚ್ಚಿದಳು. ಒದ್ದೆ ಚರ್ಮ, ಮರಗಟ್ಟಿದ ಬೆರಳು, ಹಲ್ಲಿನಿಂದ ಎಳೆದಳು. ಬಿಡುಗಡೆಯಾದ ಕುದುರೆ ಎರಡು ಹೆಜ್ಜೆ ಮುಂದೆ ಹೋಗಿ ನಿಂತಿತು. ಆಮೇಲೆ ಡೈನಾಳ ಕಡೆ ಬಂದಳು. ಮರಳ ಮೇಲೆ ಮಕಾಡೆ ಮಲಗಿ ಕೋಲು ಚಾಚಿದಳು. ಡೈನಾ ಹಿಡಿದಳು, ಎಳೆದಳು, ಕಾಲು ಬರಲಿಲ್ಲ. ಮುಂದಕ್ಕೆ ಮಂಡಿ ಊರಲು ಗಟ್ಟಿಯಾದದ್ದು ಏನಾದರೂ ಬೇಕಿತ್ತು. ಗಾಡಿಯ ಹಲಗೆ ಆಗಲೇ ಕೆಸರಿನೊಳಗೆ. ಬುಟ್ಟಿಗಳು ಮೆತ್ತಗಿನವು.

ಆಗ ದೂರದಲ್ಲಿ ಒಂದು ಸದ್ದು. ರೇಷ್ಮೆ ಬಟ್ಟೆ ಹರಿದ ಹಾಗೆ, ತುಂಬಾ ಸಣ್ಣದು. ಇಬ್ಬರಿಗೂ ಕೇಳಿತು. ನೀರು ತಿರುಗಿತ್ತು.

ಲೆಟಿ ಜೋಬ್‌ನ ಕೊಂಬೆಯನ್ನು ನೋಡಿದಳು. ಎಲೆ ಇನ್ನೂ ಹಸಿರಾಗಿಯೇ ಇತ್ತು. ಲಾರೆಲ್ ಎಲೆ ಉಪ್ಪುನೀರಿಗೂ ಬೇಗ ಬಾಡುವುದಿಲ್ಲ, ಅದಕ್ಕೇ ಅದನ್ನು ನೆಡುವುದು. ಕೊಂಬೆಯ ಬುಡಕ್ಕೆ ಕೈ ಹಾಕಿದಳು. ಕೈ ನಿಂತಿತು.

"ಜೋಬ್‌ದು ಅದು," ಅಂದಳು ಡೈನಾ ಪಿಸುದನಿಯಲ್ಲಿ. ಅವಳಿಗೆ ಈಗ ಗೊತ್ತಾಗಿತ್ತು. "ಬೇಡ ಕಣೇ ಲೆಟಿ. ನಿಮ್ಮವ್ವ..."

"ಸುಮ್ನಿರು," ಅಂದಳು ಲೆಟಿ. ಆಮೇಲೆ ಕೊಂಬೆಗೆ ಹೇಳಿದಳು, "ಜೋಬ್, ಬಿಡಪ್ಪಾ." ಬೆಳಗ್ಗೆ ಹೊದಿಕೆ ಎಳೆಯುವಾಗ ಅಣ್ಣನಿಗೆ ಹೇಳುತ್ತಿದ್ದ ಮಾತೇ ಅದು.

ಕಿತ್ತಳು. ಅದು ಸುಲಭವಾಗಿ ಬಂತು, ಅದೇ ಅವಳಿಗೆ ಎಲ್ಲಕ್ಕಿಂತ ಭಯವಾದದ್ದು. ಕೊಂಬೆಯನ್ನು ಅಡ್ಡಲಾಗಿ ಡೈನಾಳ ಮುಂದೆ ಮಲಗಿಸಿದಳು. ಅವಳ ಕಾಲಿನ ಸುತ್ತ ಕೈಯಿಂದ ಅಗೆದು, ಮರಳು ಸಡಿಲಾಗಲೆಂದು ನೀರು ಬಿಟ್ಟಳು. ಒಂದು ಕಾಲು ಬಂತು. ಡೈನಾ ಆ ಮಂಡಿಯನ್ನು ಎಲೆಗಳ ಮೇಲೆ ಊರಿದಳು. ಕೊಂಬೆ ಬಾಗಿತು, ಮುರಿಯಲಿಲ್ಲ. ಇನ್ನೊಂದು ಕಾಲು ಬೂಟು ಬಿಟ್ಟು ಬಂತು. ಇಬ್ಬರೂ ಹೊಟ್ಟೆಯ ಮೇಲೆ ತೆವಳಿ ಗಟ್ಟಿ ನೆಲಕ್ಕೆ ಬಂದರು.

ಹಿಂದೆ ನೋಡಿದರೆ ಬಿಳಿ, ಮುಂದೆ ನೋಡಿದರೂ ಬಿಳಿ. ಬಂದ ಗೀರಿನಲ್ಲಿ ಆಗಲೇ ಬೆರಳುದ್ದದ ನೀರು ಹರಿಯುತ್ತಿತ್ತು. ಲೆಟಿಯ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಯಾವ ಕಡೆ ಊರು ಎಂದು ಹೇಳಲು ಒಂದು ಕೊಂಬೆ ಇತ್ತು, ಅದು ಸುಳ್ಳು ಹೇಳುವ ಕೊಂಬೆ, ಅದನ್ನೂ ಅವಳೇ ಕಿತ್ತಿದ್ದಳು.

"ಇವಳನ್ನ ಮುಂದೆ ಬಿಡೋಣ, ಮನೆ ದಾರಿ ಇವಳಿಗೇ ಗೊತ್ತು," ಅಂದಳು ಡೈನಾ, ಕುದುರೆಯ ಕತ್ತು ತಟ್ಟಿ. "ನಾನೇ ಇವಳ ಬಾಯಿ ಎಳೆದು ಇಲ್ಲಿಗೆ ತಂದೆ. ತಿರುವಿನಲ್ಲಿ ಬರಲ್ಲ ಅಂತ ಮೊಂಡು ಹಿಡಿದ್ಲು. ಚಾವಟಿಯಲ್ಲಿ ಹೊಡೆದೆ, ಪಾಪಿ ನಾನು."

ಕುದುರೆಯ ಬಾಲ ಒಬ್ಬಳು, ಒಬ್ಬಳ ಶಾಲು ಇನ್ನೊಬ್ಬಳು ಹಿಡಿದು ನಡೆದರು. ನೀರು ಹಿಮ್ಮಡಿಗೆ ಬಂತು, ಮಂಡಿ ದಾಟಿತು. ಡೈನಾ ಚರ್ಚಿನ ಪ್ರಾರ್ಥನೆಯನ್ನು ಅರ್ಧರ್ಧ ಹೇಳುತ್ತಿದ್ದಳು, ನಡುನಡುವೆ ಕುದುರೆಗೆ ಮುದ್ದು ಮಾತು ಸೇರಿಸುತ್ತಿದ್ದಳು, ಯಾವುದು ದೇವರಿಗೆ ಯಾವುದು ಕುದುರೆಗೆ ತಿಳಿಯುತ್ತಿರಲಿಲ್ಲ. ಲೆಟಿಯ ಭುಜಕ್ಕೆ ಏನೋ ತಾಗಿತು. ಚೀರಿದಳು. ಎಲೆ. ಅವಳೇ ನೆಟ್ಟ ಕೊಂಬೆ, ಊರಿನ ಕಡೆ ವಾಲಿದ್ದು. ಅದನ್ನು ಬಿಟ್ಟು ಇನ್ನೊಂದು. ಆಮೇಲೆ ಯಾರೋ ತಗಡಿನ ಬಾಣಲೆ ಬಡಿಯುವ ಸದ್ದು ಕೇಳಿಸಿತು. ನಿಲ್ಲದೆ ಬಡಿಯುತ್ತಿದ್ದರು. ಹುಚ್ಚು ಹಿಡಿದ ಹಾಗೆ.

ಅವ್ವ ಮಂಡಿಯುದ್ದ ನೀರಿನಲ್ಲಿ ನಿಂತಿದ್ದಳು, ಕೈಯಲ್ಲಿ ಬಾಣಲೆ, ಸೌಟು. ಮಗಳನ್ನು ಕಂಡ ಮೇಲೂ ಸ್ವಲ್ಪ ಹೊತ್ತು ಬಡಿಯುತ್ತಲೇ ಇದ್ದಳು.

ಮನೆಯೊಳಗೆ ಒಲೆಯ ಮುಂದೆ ಇಬ್ಬರಿಗೂ ಹಲ್ಲು ಕಟಕಟ ಅನ್ನುತ್ತಿತ್ತು. ಅವ್ವ ಕೇಳಿದಳು, "ಕಿತ್ಯಾ?"

"ಕಿತ್ತೆ."

"ಎಲ್ಲಿ?"

"ಇವಳ ಕಾಲ ಕೆಳಗೆ ಹಾಕ್ದೆ. ಅಲ್ಲೇ ಹೋಯ್ತು."

ಅವ್ವ ಒಲೆಗೆ ಒಂದು ಸೌದೆ ನೂಕಿದಳು. ಹುದುಲಿನಲ್ಲೂ ಲೆಟಿ ಇಷ್ಟು ಹೆದರಿರಲಿಲ್ಲ. ಅವ್ವ ಎದ್ದಳು, ಕೊಕ್ಕೆಯಿಂದ ಜೋಬ್‌ನ ದೊಡ್ಡ ಲೋಟ ತೆಗೆದಳು, ಏಪ್ರನ್ನಿನ ಅಂಚಿನಿಂದ ಒರೆಸಿದಳು, ಬಿಸಿ ಚಹಾ ಸುರಿದಳು. ಡೈನಾಳ ಕೈಗೆ ಕೊಟ್ಟಳು.

"ಕುಡಿ. ಅದು ಹಿಡಿ ಸಡ್ಲ ಇದೆ, ಹುಷಾರು."

ಡೈನಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಕುಡಿಯಲು ಹೆದರಿದಳು, ಆಮೇಲೆ ಕುಡಿದಳು. ಒಂದಿಷ್ಟು ಹೊತ್ತು ಬಿಟ್ಟು ಅವಳ ಬಾಯಿ ವಾಪಸು ಬಂತು.

"ಅಲ್ಲ ಕಣೇ ಲೆಟಿ, ನಮ್ಮನೆ ಮುದುಕ ದಡದಲ್ಲಿ ನಿಂತು ನೋಡಿದನಲ್ಲ, ನಿಮ್ಮಜ್ಜ ಕೊಂಬೆ ಕಿತ್ತಿದ್ದನ್ನ. ಇವತ್ತು ಕಾವಳ ಇಲ್ದೆ ಯಾರಾದ್ರೂ ದಡದಲ್ಲಿ ನಿಂತಿದ್ರೆ ಅವರಿಗೂ ಅಷ್ಟೇ ಕಾಣ್ತಿತ್ತು. ಕಿತ್ಲು ಅನ್ನೋದು ಕಾಣ್ತಿತ್ತು. ಯಾಕೆ ಕಿತ್ಲು ಅನ್ನೋದು ಅಷ್ಟು ದೂರಕ್ಕೆ ಎಲ್ಲಿ ಕಾಣತ್ತೆ?"

ಲೆಟಿ ಅವಳ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು.

"ಚೀಲದ ಮಾತು ಬೇರೆ," ಅಂದಳು ಡೈನಾ. "ಚೀಲ ಮಾತ್ರ ನಾನು ಬಿಡಲ್ಲ. ಚೀಲ ಬಿಟ್ರೆ ಕತೇಲಿ ರುಚಿ ಏನಿದೆ?"

ಅವ್ವ ಮೊದಲ ಸಲ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಊರಿನಲ್ಲಿ ಡೈನಾ ಅದನ್ನು ಹಾಗೇ ಹೇಳಿಕೊಂಡು ತಿರುಗಿದಳು. ಕೆಲವರು ನಂಬಿದರು, ಕೆಲವರು ಹಳೆಯದೇ ಚೆನ್ನಾಗಿತ್ತು ಅಂದರು. ಲೆಟಿಯ ಭಯವೇನೂ ಹೋಗಲಿಲ್ಲ. ಎಪ್ಪತ್ತರ ಮೇಲೂ ಕಾವಳ ಇಳಿದರೆ ಅವಳು ಓಡಿಹೋಗಿ ಬಾಗಿಲಿಗೆ ಅಗುಳಿ ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಹೆಸರು ಕೇಳಿದವರಿಗೆ ಎರಡು ಕತೆಯನ್ನೂ ಹೇಳುತ್ತಿದ್ದಳು, ಈ ಮೂರನೆಯ ಕತೆಯನ್ನು ಡೈನಾಳಿಗೆ ಬಿಡುತ್ತಿದ್ದಳು.

ಆ ಭಾನುವಾರ ಚರ್ಚಿನ ಗಂಟೆ ಹೊಡೆಯುವ ಮೊದಲು ನೀರು ಇಳಿದಿತ್ತು. ಒಂದು ರಾತ್ರಿಯ ನೀರಿಗೆ ತಿರುವಿನ ಕೊಂಬೆಗಳು ಉಳಿದಿರುವ ನಂಬಿಕೆ ಇರಲಿಲ್ಲ. ಲೆಟಿ ಕುಡುಗೋಲು ಹಿಡಿದು ಹಿತ್ತಲ ಬೇಲಿಗೆ ಹೋದಳು. ಹಿಂದಿನ ದಿನ ಜಾರಿಬಿದ್ದ ಬಟ್ಟೆ ಮಣ್ಣಾಗಿ ಅಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ಇಷ್ಟು ತಿಂಗಳು ಈ ಕೆಲಸದ ಹತ್ತಿರ ಸುಳಿಯದವಳು ಬಂದು ಲಾರೆಲ್‌ನ ಒಂದು ದಪ್ಪ ಕೊಂಬೆಯನ್ನು ಬಗ್ಗಿಸಿ ಹಿಡಿದಳು.

"ಇದು ಸಾಕಾ ಉದ್ದ?"

"ಇನ್ನೂ ಸ್ವಲ್ಪ ಕೆಳಗೆ ಹಿಡಿ."

ಲೆಟಿ ಕಡಿದಳು. ಅವ್ವ ಬುಡದ ಎಲೆಗಳನ್ನು ಸವರಿ, ನೆಲದ ಮೇಲೆ ಒಂದರ ಪಕ್ಕ ಒಂದು ಜೋಡಿಸಿದಳು. ಲೆಟಿ ಹಗ್ಗ ಬಿಚ್ಚಿ ಹೊರೆ ಕಟ್ಟತೊಡಗಿದಳು.